ಆರಿದ ಒಲೆಯ ಮುಂದೆ ಮದುವೆ ಚಪ್ಪರ

ಸಿನಿಮಾ ಮುಗಿದ ಮೇಲೆ ಎದ್ದು ಮನೆಗೆ ಹೋಗುವುದು ಮರ್ಯಾದಸ್ಥರ ಪದ್ಧತಿ. ಪಾರ್ವತಿನಗರದ ದಾದಾಪೀರ್ ಕೂಡ ಮರ್ಯಾದಸ್ಥನೇ. ಆದರೆ ಕಳೆದ ಭಾನುವಾರ ಬಳ್ಳಾರಿಯ ಟಾಕೀಸಿನಲ್ಲಿ ಅವನು ಏಳಲಿಲ್ಲ. ದೀಪ ಹತ್ತಿತು, ಜನ ಹೋದರು, ಕಸ ಗುಡಿಸುವ ಹೆಂಗಸು ಬಂದು ಅವನ ಕಾಲಡಿಯ ಕಡಲೆಕಾಯಿ ಸಿಪ್ಪೆಯನ್ನೂ ಗುಡಿಸಿಕೊಂಡು ಹೋದಳು. ಅವನು ಮಾತ್ರ ಖಾಲಿ ಪರದೆಯನ್ನು ದುರುಗುಟ್ಟಿ ನೋಡುತ್ತ ಕೂತೇ ಇದ್ದ. ಉಳಿದ ಸಿನಿಮಾ ಎಲ್ಲಿ ಎಂಬುದು ಅವನ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಅದು ಯಾವುದೋ ದೇಶಕ್ಕೆ ಹೋಗಿ ಪ್ರಶಸ್ತಿ ಕೊರಳಿಗೆ ಹಾಕಿಸಿಕೊಂಡು ಬಂದ ಚಿತ್ರ. ಅದರಲ್ಲಿ ಒಬ್ಬ ಮನುಷ್ಯ ಅಣ್ಣನ ಜೊತೆ ಜಗಳವಾಡಿ, ಊರು ಬಿಡಬೇಕೆಂದು ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಾನೆ. ನಿಲ್ಲುತ್ತಾನೆ ಎಂದರೆ ಬರೀ ನಿಲ್ಲುತ್ತಾನೆ. ನಡುವೆ ಒಂದು ನಾಯಿ ಬಂದು ಹೋಗುತ್ತದೆ. ಕೊನೆಗೊಮ್ಮೆ ಬಸ್ಸು ಬರುತ್ತದೆ, ಬಾಗಿಲು ತೆರೆಯುತ್ತದೆ, ಅವನು ಒಂದು ಕಾಲು ಎತ್ತುತ್ತಾನೆ. ಅಷ್ಟರಲ್ಲಿ ಪರದೆ ಕತ್ತಲಾಗುತ್ತದೆ. ಮೊದಲು ದಾದಾಪೀರ್ ಕರೆಂಟು ಹೋಯಿತೆಂದೇ ತಿಳಿದ. ಆಮೇಲೆ ವಿಷಯ ಗೊತ್ತಾಗಿ ಸೀದಾ ಮ್ಯಾನೇಜರನ ರೂಮಿಗೆ ನುಗ್ಗಿದ. ಆ ಮನುಷ್ಯ ಬಸ್ಸು ಹತ್ತಿದನೋ ಇಲ್ಲವೋ, ಅಷ್ಟು ಹೇಳಿಬಿಡಿ, ನಾನು ಮನೆಗೆ ಹೋಗುತ್ತೇನೆ ಎಂದು ಕೇಳಿದ. ಮ್ಯಾನೇಜರನು ತಾನು ಆ ಸಿನಿಮಾ ನೋಡಿಲ್ಲವೆಂದೂ ನೋಡುವ ಉದ್ದೇಶವೂ ಇಲ್ಲವೆಂದೂ ವಿನಯದಿಂದ ಹೇಳಿದ. ಮಗಳು ಗುಲ್ನಾಜ್ ಅಪ್ಪನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಟಿಕೆಟ್ ತೆಗೆಸಿದ್ದ ಭಾವಿ ಅಳಿಯ ನಾಸಿರ್ ಪಾಪ, ಗೋಡೆಯ ಮೇಲಿನ ಪೋಸ್ಟರೊಂದನ್ನು ಪರೀಕ್ಷೆಗೆ ಓದುವವನ ಹಾಗೆ ಓದುತ್ತ ನಿಂತಿದ್ದ.

ದಾದಾಪೀರನ ಸಿಟ್ಟು ಬಳ್ಳಾರಿಯ ಬಿಸಿಲಿನಂಥದು. ಹೊತ್ತು ಮುಳುಗಿದರೂ ಗೋಡೆಯೊಳಗೆ ಉಳಿದಿರುತ್ತದೆ. ಸೋಮವಾರ ಬೆಳಿಗ್ಗೆ ಅವನು ತನ್ನ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋಗಿ ಕಟಿಂಗ್ ಮಾಡುವ ಮಾರೆಣ್ಣನಿಗೆ ಇಡೀ ಕತೆ ಹೇಳಿದ. ಮಾರೆಣ್ಣ ಒಳ್ಳೆಯವನು, ಬಸ್ಸು ಹತ್ತಿರುತ್ತಾನೆ ಬಿಡಿ ಎಂದು ಸಮಾಧಾನ ಹೇಳಿದ. ಅದು ನಿನಗೆ ಹೇಗೆ ಗೊತ್ತು ಎಂದು ದಾದಾಪೀರ್ ರೇಗಿದ. ಹಾಗಾದರೆ ಹತ್ತಿರಲಿಕ್ಕಿಲ್ಲ ಎಂದ ಮಾರೆಣ್ಣ. ಅದಕ್ಕೂ ರೇಗಿದ. ಅವತ್ತು ಶೆಡ್ಡಿನಲ್ಲಿ ಕತ್ತರಿಸಿದ ಪ್ಯಾಂಟುಗಳ ಕಾಲುಗಳೆಲ್ಲ ಒಂದಕ್ಕಿಂತ ಒಂದು ಗಿಡ್ಡವಾದವು ಎಂದು ಕೇಳಿದ್ದೇನೆ. ಸಿಟ್ಟಿನ ಮನುಷ್ಯನ ಮುಂದೆ ಕತ್ತರಿ ಹಿಡಿಯುವುದು ಸುಲಭದ ಮಾತಲ್ಲ.

ಮನೆಯಲ್ಲಿ ಹೆಂಡತಿ ಪರ್ವೀನ್‌ಳ ಹತ್ತಿರ ಈ ವಿಷಯಕ್ಕೆ ಸಹಾನುಭೂತಿ ಸಿಗಲಿಲ್ಲ. ಆಕೆ ಕುರುಗೋಡಿನ ಹೆಣ್ಣುಮಗಳು. ಮಾತನ್ನು ಮೆಣಸಿನಕಾಯಿಯ ಹಾಗೆ ತೊಟ್ಟು ಮುರಿದೇ ಬಳಸುವವಳು.

"ಅವ ಬಸ್ ಹತ್ತಿದ್ರ ನಿಮಗೇನು, ಬಿಟ್ರ ನಿಮಗೇನು? ಅವನ ಸೀಟಿನ ಪಕ್ಕ ನೀವು ಕುಂದ್ರಬೇಕಾಗಿತ್ತೇನು?"

"ನಾಳಿ ನಾನು ಜಿಪ್ ಹಾಕದ ಪ್ಯಾಂಟ್ ಅಂಗಡಿಗೆ ಕಳಸ್ತೀನಿ. ಉಳಿದದ್ದು ಗಿರಾಕಿಗೆ ಬಿಟ್ಟೀವಿ ಅಂತೀನಿ. ಸುಮ್ನ ಇರ್ತಾರೇನು?" ಎಂದ ದಾದಾಪೀರ್.

ಗುಲ್ನಾಜ್ ಖಾಸಗಿ ಶಾಲೆಯ ಟೀಚರು. ಮಕ್ಕಳಿಗೆ ಹೇಳುವ ತಾಳ್ಮೆಯಲ್ಲೇ ಅಪ್ಪನಿಗೂ ಬಿಡಿಸಿ ಹೇಳಿದಳು. ದೊಡ್ಡ ನಿರ್ದೇಶಕರು ಕತೆಯನ್ನು ಕಟ್ಟಿ ಗಂಟು ಹಾಕಿ ಕೈಗೆ ಕೊಡುವುದಿಲ್ಲ, ನೋಡುವವರ ಮನಸ್ಸಿಗೆ ಬಿಡುತ್ತಾರೆ ಎಂದಳು. ಈ ಮಾತು ದಾದಾಪೀರನನ್ನು ಕೆರಳಿಸಿದ್ದಕ್ಕೆ ಬೇರೆಯೇ ಕಾರಣವಿತ್ತು. ಅವನು ಪ್ರಶಸ್ತಿ ಚಿತ್ರಗಳ ವೈರಿಯಲ್ಲ. ಹಾಗೆಂದರೆ ಅವನಿಗೆ ಅವಮಾನ. ಅವನ ವಾದ ಇಷ್ಟೇ: ಹಿಂದಿನ ಕಾಲದ ಪ್ರಶಸ್ತಿ ಚಿತ್ರಗಳಿಗೆ ಕೊನೆ ಇರುತ್ತಿತ್ತು. ಎಂಥ ಕೊನೆ. ಅದನ್ನು ತಾನು ಕಣ್ಣಾರೆ ಕಂಡವನು.

ಕಂಡದ್ದು ಸಿರುಗುಪ್ಪದಲ್ಲಿ. ದಾದಾಪೀರ್ ಹುಟ್ಟಿ ಬೆಳೆದ ಊರು ಅದು. ಅಲ್ಲೊಂದು ಟಾಕೀಸಿತ್ತು (ಈಗ ಅದು ಭತ್ತದ ಗೋದಾಮು, ಇಲಿಗಳು ಬಾಲ್ಕನಿಯಲ್ಲೇ ಕೂರುತ್ತವೆ). ಹೊಸ ಫೈಟಿಂಗ್ ಚಿತ್ರಗಳ ರೀಲು ಸಿಗದ ವಾರಗಳಲ್ಲಿ ಟಾಕೀಸಿನ ಮಾಲೀಕ ಅಗ್ಗದಲ್ಲಿ ಸಿಗುವ ಪ್ರಶಸ್ತಿ ಚಿತ್ರಗಳನ್ನು ತಂದು ಹಾಕುತ್ತಿದ್ದ. ಹಾಗೆ ಬಂದದ್ದು 'ಆರಿದ ಒಲೆ'. ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಇಡೀ ಸಿನಿಮಾದಲ್ಲಿ ಹಸಿ ಸೌದೆಯ ಒಲೆ ಊದುತ್ತಾಳೆ. ಒಲೆ ಹತ್ತುವುದಿಲ್ಲ. ಮಾತಿಲ್ಲ, ಹಾಡಿಲ್ಲ, ಬಣ್ಣವೂ ಇಲ್ಲ, ಎಲ್ಲ ಕಪ್ಪು-ಬಿಳುಪು. ಜನ ಇನ್ನೇನು ಕುರ್ಚಿ ಎತ್ತಿ ಎಸೆಯಬೇಕು, ಅಷ್ಟರಲ್ಲಿ ಪರದೆಯ ತುಂಬ ಬಣ್ಣ ಬರುತ್ತದೆ. ಹಸಿರು ಚಪ್ಪರ, ಕೆಂಪು ಸೀರೆಗಳು, ಓಲಗ, ಹೋಮದ ಹೊಗೆ. ಮದುವೆ. ಮದುಮಗಳ ಮುಖದ ಮೇಲೆ ಹೂವಿನ ಸರ, ಮದುಮಗನ ಮುಖಕ್ಕೆ ಬಾಸಿಂಗ, ಇಬ್ಬರೂ ತಲೆ ತಗ್ಗಿಸಿ ಕೂತಿದ್ದಾರೆ. ಅಷ್ಟು ಕಷ್ಟಪಟ್ಟ ಹೆಂಗಸಿಗೆ ಮತ್ತೊಂದು ಮದುವೆ. ಅವಳ ಬಾಳಿಗೆ ಬಣ್ಣ ಬಂತು ಎನ್ನುವುದನ್ನು ಬಾಯಲ್ಲಿ ಹೇಳದೆ ಪರದೆಗೇ ಬಣ್ಣ ಬಳಿದು ಹೇಳಿದನಲ್ಲ, ಅವನು ನಿರ್ದೇಶಕ. ಸುಖದ ಹೊತ್ತಿನಲ್ಲಿ ಮುಖವನ್ನೂ ತೋರಿಸಲಿಲ್ಲವಲ್ಲ, ಅದು ಸಂಕೋಚ, ಅದು ಕಲೆ.

ಅದೊಂದೇ ಅಲ್ಲ, ಆ ಕಾಲದ ಇನ್ನೂ ಕೆಲವು ಪ್ರಶಸ್ತಿ ಚಿತ್ರಗಳು ಹೀಗೇ ಮುಗಿಯುತ್ತಿದ್ದವೆಂದು ದಾದಾಪೀರ್ ಹೇಳುತ್ತಿದ್ದ. ಅದೇ ಹಸಿರು ಚಪ್ಪರ, ಅದೇ ಹೊಗೆ. ಆಗಿನ ನಿರ್ದೇಶಕರೆಲ್ಲ ಒಂದೇ ಮನಸ್ಸಿನವರು, ದೊಡ್ಡವರು ಯೋಚನೆ ಮಾಡುವುದೇ ಒಂದು ರೀತಿ ಎಂಬುದು ಅವನ ಸಂಶೋಧನೆ. ಈ ಸಂಶೋಧನೆಯನ್ನು ಮನೆಯವರು ಎಷ್ಟು ಸಲ ಕೇಳಿದ್ದರೆಂದರೆ, ಅವನು 'ಸಿರುಗುಪ್ಪದಾಗ' ಎಂದು ಬಾಯಿ ತೆಗೆದರೆ ಪರ್ವೀನ್ ಎದ್ದು ಹೋಗಿ ಮಿಕ್ಸಿ ಹಾಕುತ್ತಿದ್ದಳು.

ಇದೆಲ್ಲ ಮನೆಯೊಳಗೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಆದರೆ ಶುಕ್ರವಾರ ಕುರುಗೋಡಿನಿಂದ ಬೀಗರು ಬರುವವರಿದ್ದರು. ನಾಸಿರ್ ಗುಲ್ನಾಜಳ ಶಾಲೆಯಲ್ಲೇ ಗಣಿತದ ಟೀಚರು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು, ಎರಡೂ ಮನೆಯವರು ಹೂಂ ಎಂದಾಗಿತ್ತು, ದಿನ ಗೊತ್ತುಮಾಡುವುದೊಂದೇ ಬಾಕಿ. ಆದರೆ ನಾಸಿರನ ತಂದೆ ಶಾಬುದ್ದೀನ್ ಮೇಷ್ಟ್ರು ಸಿನಿಮಾ ಬಲ್ಲವರು. ಬರೀ ನೋಡುವವರಲ್ಲ, ಬಲ್ಲವರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಕುರುಗೋಡಿನಲ್ಲಿ ತಿಂಗಳಿಗೊಮ್ಮೆ ಜನರನ್ನು ಕೂರಿಸಿ ಪ್ರಶಸ್ತಿ ಚಿತ್ರ ತೋರಿಸಿ, ಅದು ಮುಗಿದ ಮೇಲೆ ಅದಕ್ಕಿಂತ ಉದ್ದವಾಗಿ ವಿವರಿಸುತ್ತಿದ್ದರು.

ಗುಲ್ನಾಜಳಿಗೆ ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. ಹಿಂದೆ ಬಂದಿದ್ದ ಒಂದು ಸಂಬಂಧ, ಬಿರಿಯಾನಿಗೆ ಟೊಮೆಟೊ ಹಾಕಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಅಪ್ಪನ ಬಾಯಿಂದಲೇ ಮುರಿದುಬಿದ್ದಿತ್ತು. ಆ ಹುಡುಗ ಅವಳಿಗೆ ಬೇಕಿರಲಿಲ್ಲ, ನಕ್ಕು ಸುಮ್ಮನಾಗಿದ್ದಳು. ಈ ಹುಡುಗ ಬೇಕು. ಗುರುವಾರ ಸಂಜೆ ಅವಳು ಅಪ್ಪನ ಎದುರಿಗೆ ಬಂದು ಕೂತಳು.

"ಅಪ್ಪಾ, ನಾಳಿ ನೀನು ಮಳಿ ಬಗ್ಗೆ ಮಾತಾಡು, ಬಟ್ಟಿ ರೇಟಿನ ಬಗ್ಗೆ ಮಾತಾಡು, ಬೇಕಾದ್ರ ನಿನ್ನ ಮಂಡಿ ನೋವಿನ ಬಗ್ಗೆ ಮಾತಾಡು. ಸಿನಿಮಾ ಅಂತ ಬಾಯಾಗ ಬಂದ್ರ ಈ ಮದುವಿ ಆಗಂಗಿಲ್ಲ. ನಾನು ಬ್ಯಾರೆ ಯಾರನ್ನೂ ಮಾಡ್ಕೊಳ್ಳಂಗಿಲ್ಲ."

ದಾದಾಪೀರ್ ಮಾತು ಕೊಟ್ಟ. ಸಿನಿಮಾ ಎನ್ನುವ ವಸ್ತು ಲೋಕದಲ್ಲಿ ಇದೆಯೆಂದೇ ತನಗೆ ಗೊತ್ತಿಲ್ಲ ಎಂದ. ಆ ಹೊತ್ತಿಗೆ ಅದನ್ನು ಮನಸಾರೆಯೇ ಹೇಳಿದ್ದ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಬೀಗರು ಬಂದರು. ಮೇಷ್ಟ್ರು, ಅವರ ಹೆಂಡತಿ, ನಾಸಿರ್. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಅದಕ್ಕಿಂತ ಗರಿಗರಿಯಾದ ಮಾತು, ಇದು ಮೇಷ್ಟ್ರ ಸ್ವರೂಪ. ಈ ಕಡೆಯಿಂದ ದಾದಾಪೀರನ ಅಕ್ಕ ಅಕ್ತರಬಿ ಹಿಂದಿನ ದಿನವೇ ಸಿರುಗುಪ್ಪದಿಂದ ಬಸ್ಸಿನಲ್ಲಿ ಬಂದಿದ್ದಳು. ತಾಯಿ ತೀರಿಕೊಂಡ ಮೇಲೆ ಮನೆಯ ಶುಭಕಾರ್ಯಗಳಿಗೆ ಆಕೆಯೇ ಹಿರಿಯಳು. ಎಲೆ ಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮೂಲೆಯ ದಿವಾನದಲ್ಲಿ ಕೂತು, ಕೂತಲ್ಲೇ ತೂಕಡಿಸತೊಡಗಿದಳು. ಮಾತು ಸಲೀಸಾಗಿ ಸಾಗಿತು. ಮಳೆಯ ವಿಷಯ ಆಯಿತು, ಬಟ್ಟೆಯ ರೇಟು ಆಯಿತು, ದಾದಾಪೀರ್ ತನ್ನ ಮಂಡಿ ನೋವನ್ನೂ ಸವಿಸ್ತಾರವಾಗಿ ವರ್ಣಿಸಿದ. ದಮ್ಮಿಗೆ ಇಟ್ಟಿದ್ದ ಬಿರಿಯಾನಿಯ ವಾಸನೆ ಪಡಸಾಲೆಗೆ ಬರುತ್ತಿತ್ತು. ಊಟಕ್ಕೆ ಮೊದಲೇ ದಿನ ಗೊತ್ತುಮಾಡಿ ಬಾಯಿ ಸಿಹಿ ಮಾಡುವುದೆಂದು ಒಪ್ಪಿಗೆಯಾಗಿತ್ತು.

ಹಾಗಿರುವಾಗ ಮೇಷ್ಟ್ರೇ ಕೇಳಿಬಿಟ್ಟರು. ಭಾನುವಾರ ಹುಡುಗರು ನಿಮ್ಮನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರಂತಲ್ಲ ಬೀಗರೆ, ಹೇಗನ್ನಿಸಿತು ಎಂದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತುಹೋಯಿತು. ದಾದಾಪೀರ್ ಕಹಿ ಗುಳಿಗೆ ನುಂಗಿದವನ ಹಾಗೆ ಮುಖ ಮಾಡಿ, ಚೆನ್ನಾಗಿತ್ತು ಎಂದ. ಮಗಳಿಗಾಗಿ ತಂದೆಯೊಬ್ಬ ಇದಕ್ಕಿಂತ ದೊಡ್ಡ ತ್ಯಾಗ ಮಾಡಿದ್ದನ್ನು ನಾನು ಕಾಣೆ.

ಮೇಷ್ಟ್ರಿಗೆ ಖುಷಿಯಾಯಿತು. "ಕೊನಿ ಅಂದ್ರ ಅದು ನೋಡ್ರಿ. 'ಆರಿದ ಒಲೆ' ಆದ ಮ್ಯಾಲೆ ಅಂಥಾ ಕೊನಿ ನಾನು ಕಂಡಿದ್ದಿಲ್ಲ."

ದಾದಾಪೀರನ ಮುಖ ಹೂವಿನ ಹಾಗೆ ಅರಳಿತು. ತಾನಾಗಿ ಮಾತು ತೆಗೆಯಬಾರದೆಂದಷ್ಟೇ ಕರಾರು; ಬೀಗರೇ ತೆಗೆದರೆ ಸುಮ್ಮನೆ ಕೂರುವುದು ಅಗೌರವವಲ್ಲವೇ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡ. ಕುರ್ಚಿಯನ್ನು ಮೇಷ್ಟ್ರ ಹತ್ತಿರಕ್ಕೆ ಎಳೆದ. ಆ ಕೊನೆ ನೋಡಿ ತಾನು ಅತ್ತಿದ್ದೆ ಎಂದ. ನಾನೂ ಅತ್ತಿದ್ದೆ ಎಂದರು ಮೇಷ್ಟ್ರು. ಎದೆ ತುಂಬಿಬಂದಿತ್ತು ಎಂದ ಇವನು. ಎದೆ ಒಡೆದುಹೋಗಿತ್ತು ಎಂದರು ಅವರು. ಮನೆಗೆ ಹೋಗಿ ಊಟವನ್ನೇ ಮಾಡಲಿಲ್ಲ ಎಂದು ಮೇಷ್ಟ್ರು ಹೇಳಿದಾಗ, ತಾನು ಅವತ್ತು ಇನ್ನೊಂದು ಮುದ್ದೆ ಹೆಚ್ಚಿಗೆ ಉಂಡೆ ಎಂದು ದಾದಾಪೀರ್ ಹೇಳಿದ. ಮೇಷ್ಟ್ರಿಗೆ ಅದು ತುಸು ವಿಚಿತ್ರವೆನಿಸಿದರೂ, ದುಃಖ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಹೊರಬರುತ್ತದೆ ಎಂದುಕೊಂಡು ಗೌರವದಿಂದ ತಲೆದೂಗಿದರು. ಬೀಗರಿಬ್ಬರೂ ಅಷ್ಟು ಒಂದಾಗಿದ್ದನ್ನು ಕಂಡು ಗುಲ್ನಾಜ್ ಬಾಗಿಲ ಪರದೆಯ ಹಿಂದೆ ನೆಮ್ಮದಿಯ ಉಸಿರು ಬಿಟ್ಟಳು.

"ಆ ಚಪ್ಪರ ಇನ್ನೂ ಕಣ್ಣಾಗ ಐತಿ ಮೇಷ್ಟ್ರೆ," ಎಂದ ದಾದಾಪೀರ್.

"ಯಾವ ಚಪ್ಪರ?"

ಮದುವೆಯ ಚಪ್ಪರ ಎಂದು ಇವನು ವಿವರಿಸಿದ. ಆ ಚಿತ್ರದಲ್ಲಿ ಮದುವೆಯೇ ಇಲ್ಲ ಎಂದು ಮೇಷ್ಟ್ರು ನಕ್ಕರು. ಕೊನೆಯಲ್ಲಿ ಆಕೆ ಆರಿದ ಒಲೆಯ ಬೂದಿಯನ್ನು ಕೈಯಲ್ಲಿ ತೆಗೆದುಕೊಂಡು ನೋಡುತ್ತಾಳೆ, ಬಾಗಿಲು ದಾಟಿ ಒಬ್ಬಳೇ ಹೊರಗೆ ಹೋಗುತ್ತಾಳೆ, ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ, ಅದೇ ಅದರ ಹಿರಿಮೆ ಎಂದರು. ದಾದಾಪೀರನೂ ನಕ್ಕ. ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದರು. ಹೊರಗೆ ಹೋದದ್ದು ಮದುವೆಗೇ, ಆಮೇಲೆ ಬಣ್ಣ ಬರುತ್ತದೆ, ಬಹುಶಃ ನೀವು ಬೇಗ ಎದ್ದು ಹೋಗಿರಬೇಕು ಎಂದ ದಾದಾಪೀರ್. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ಎಲ್ಲಿಂದ ಬರಬೇಕು ಎಂದು ಮೇಷ್ಟ್ರು ಕೇಳಿದರು. ಅದೇ ಕಲೆ ಎಂದ ಇವನು. ಕಲೆಯ ಬಗ್ಗೆ ತಮಗೆ ಪಾಠ ಬೇಡ, ಆ ಕೊನೆಯ ಮೇಲೆಯೇ ತಾವು ಪತ್ರಿಕೆಯಲ್ಲಿ ಪ್ರಬಂಧ ಬರೆದಿರುವುದಾಗಿ ಮೇಷ್ಟ್ರು ಹೇಳಿದರು. ಪರ್ವೀನ್ ಅಡುಗೆಮನೆಯ ಬಾಗಿಲಿಗೆ ಬಂದು ಗಂಡನಿಗೆ ಕಣ್ಣಲ್ಲೇ ನಾಲ್ಕು ಬಿಗಿದಳು. ಸಿಟ್ಟು ನೆತ್ತಿಗೇರಿದವನಿಗೆ ಹೆಂಡತಿಯ ಕಣ್ಣು ಕಾಣುತ್ತದೆಯೇ?

"ಹಂಗಾರ ನಿದ್ದಿಗಣ್ಣಾಗ ನೋಡಿ ನಿದ್ದಿಗಣ್ಣಾಗ ಬರದೀರಿ," ಎಂದುಬಿಟ್ಟ ದಾದಾಪೀರ್.

ಮೇಷ್ಟ್ರು ಎದ್ದರು. ಜುಬ್ಬ ಸರಿಮಾಡಿಕೊಂಡರು. ಕಣ್ಣಿಂದ ನೋಡದ್ದನ್ನು ನೋಡಿದೆನೆಂದು ಆಣೆ ಮಾಡುವವರ ಮನೆಯಿಂದ ಸೊಸೆ ತರುವ ವಿಷಯದಲ್ಲಿ ಇನ್ನೊಮ್ಮೆ ಯೋಚನೆ ಮಾಡಬೇಕಾಗುತ್ತದೆ ಎಂದು ತಣ್ಣಗೆ ಹೇಳಿ ಚಪ್ಪಲಿ ಹುಡುಕತೊಡಗಿದರು. ನಾಸಿರ್ ಅಪ್ಪನ ಹಿಂದೆ ಹೋಗಲೋ ಇಲ್ಲೇ ಇರಲೋ ತಿಳಿಯದೆ ಹೊಸ್ತಿಲ ಮೇಲೆ ಒಂದು ಕಾಲು ಎತ್ತಿ ನಿಂತ. ಅವನ ತಾಯಿ ಮಾತ್ರ ಏಳಲಿಲ್ಲ. ಬಿರಿಯಾನಿ ಹಾಕುವ ತನಕ ಏಳುವ ಇರಾದೆ ಆಕೆಗೆ ಇದ್ದಂತೆ ಕಾಣಲಿಲ್ಲ. ಅಂಥವರು ಇರುವುದರಿಂದಲೇ ಲೋಕದಲ್ಲಿ ಕೆಲವು ಮದುವೆಗಳಾದರೂ ಆಗುತ್ತಿವೆ.

ಆಗ ಪರದೆ ಸರಿಸಿಕೊಂಡು ಗುಲ್ನಾಜ್ ಪಡಸಾಲೆಗೆ ಬಂದಳು. ದಿನ ಗೊತ್ತುಮಾಡುವ ಹೊತ್ತಿನಲ್ಲಿ ಹುಡುಗಿ ಹಾಗೆ ಬರುವ ರೂಢಿಯಿಲ್ಲ. ಅಪ್ಪನ ಸಿಟ್ಟು ಹೊಸದಲ್ಲ, ಮಗಳಲ್ಲೂ ಅದೇ ರಕ್ತವಿದೆ ಎಂಬುದು ಅವತ್ತು ಗೊತ್ತಾಯಿತು.

"ಯಾರೂ ಹೋಗಬ್ಯಾಡ್ರಿ. ಆ ಸಿನಿಮಾ ಫೋನಿನಾಗ ಐತಿ, ಟೀವಿಗೆ ಹಾಕ್ತೀನಿ. ಮೊದಲಿಂದ ಕೊನಿ ತನಕ ಎಲ್ಲಾರೂ ಕುಂತು ನೋಡೂಣು. ನನ್ನ ಬಾಳೇವು ನಿಮ್ಮಿಬ್ಬರ ನೆನಪಿನ ಮ್ಯಾಲೆ ನಿಂದ್ರೋದು ಬ್ಯಾಡ."

ಒಳ್ಳೆಯದೇ ಆಯಿತು ಎಂದ ದಾದಾಪೀರ್. ಗೆಲುವಿನ ಮದ ಆಗಲೇ ಏರಿತ್ತು. ಇದರಲ್ಲಿ ಮದುವೆ ಬರದಿದ್ದರೆ ಇವತ್ತಿನಿಂದ ಮಗಳ ಮದುವೆ ವಿಷಯಕ್ಕೆ ತಾನು ಬಾಯಿ ತೆಗೆಯುವುದಿಲ್ಲ, ಪರ್ವೀನ್ ಹೇಳಿದ್ದೇ ಆಖೈರು ಎಂದು ಎಲ್ಲರೆದುರು ಆಣೆ ಮಾಡಿದ. ಪರ್ವೀನ್ ಸೌಟು ಕೆಳಗಿಟ್ಟು ಬಂದು ಟೀವಿಯ ಮುಂದೆ ಕೂತಳು. ಮದುವೆಯಾದಾಗಿನಿಂದ ಆಕೆ ಯಾವ ಸಿನಿಮಾವನ್ನೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಸಿನಿಮಾ ಶುರುವಾಯಿತು. ಹೆಂಗಸು ಒಲೆ ಊದಿದಳು. ದಾದಾಪೀರ್ ಪ್ರತಿಯೊಂದನ್ನೂ ಮುಂಚೆಯೇ ಹೇಳುತ್ತಿದ್ದ: ಈಗ ಕೆಮ್ಮುತ್ತಾಳೆ ನೋಡಿ, ಈಗ ಬೆಕ್ಕು ಬರುತ್ತದೆ ನೋಡಿ. ಕೆಮ್ಮಿದಳು, ಬೆಕ್ಕು ಬಂತು. ಪ್ರತಿ ಸಲವೂ ಅವನು ಮೇಷ್ಟ್ರ ಕಡೆ ನೋಡುತ್ತಿದ್ದ. ಮೇಷ್ಟ್ರು ಗೋಡೆಯ ಕಡೆ ನೋಡುತ್ತಿದ್ದರು. ಪರದೆಯ ಮೇಲಿನ ಹೆಂಗಸಿನ ಹಸಿವೂ ಪಡಸಾಲೆಯಲ್ಲಿದ್ದವರ ಹಸಿವೂ ಒಂದಾದವು. ಬಿರಿಯಾನಿ ತಳ ಹಿಡಿಯುತ್ತಿದೆಯೇನೋ ಎಂದು ಬೀಗತಿ ಸಣ್ಣಗೆ ಎರಡು ಸಲ ಕೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಆ ಹೆಂಗಸು ಬೂದಿಯನ್ನು ಕೈಯಲ್ಲಿ ತೆಗೆದುಕೊಂಡಳು, ನೋಡಿದಳು, ಎದ್ದಳು, ಬಾಗಿಲು ದಾಟಿದಳು.

ಈಗ ಬರುತ್ತದೆ ಎಂದ ದಾದಾಪೀರ್.

ಪರದೆ ಕತ್ತಲಾಯಿತು. ಹೆಸರುಗಳು ಬಂದವು. ಹೆಸರುಗಳಾದ ಮೇಲೆ ಬರುತ್ತದೆ ಎಂದ. ಹೆಸರುಗಳಾದ ಮೇಲೆ ಪಾತ್ರೆ ತೊಳೆಯುವ ಸೋಪಿನ ಜಾಹೀರಾತು ಬಂತು.

ದಾದಾಪೀರ್ ಎದ್ದು ಟೀವಿಯ ಹತ್ತಿರಕ್ಕೆ ಹೋದ. ಹಿಂದೆ ಬಗ್ಗಿ ನೋಡಿದ. ಫೋನಿನವರು ಕತ್ತರಿಸಿದ್ದಾರೆ ಎಂದ. ಪುಕ್ಕಟೆ ತೋರಿಸುವವರು ಪೂರ್ತಿ ಯಾಕೆ ತೋರಿಸುತ್ತಾರೆ, ಇದು ದೊಡ್ಡ ಮೋಸ, ಇಡೀ ಸಿರುಗುಪ್ಪವೇ ಆ ಚಪ್ಪರ ನೋಡಿದೆ, ಬೇಕಾದರೆ ಊರಿಗೇ ಹೋಗಿ ಕೇಳೋಣ ಬನ್ನಿ ಎಂದು ಕೂಗಾಡಿದ. ಆ ಗದ್ದಲಕ್ಕೆ ದಿವಾನದ ಮೇಲೆ ಅಕ್ತರಬಿಗೆ ಎಚ್ಚರವಾಯಿತು.

"ಯಾವ ಚಪ್ಪರಲೇ ದಾದಾ? ಟಾಕೀಸಿನವ ಹಾಕ್ತಿದ್ನಲ್ಲ, ಆ ಹಸರು ಚಪ್ಪರೇನು?"

ಆಮೇಲೆ ಅಕ್ತರಬಿ ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಹೇಳಿದ್ದು ಇಷ್ಟು. ಒಂದು ಸಲ ಯಾವುದೋ ಅಳುವ ಸಿನಿಮಾ ಅರ್ಧಂಬರ್ಧ ಮುಗಿದದ್ದಕ್ಕೆ ಸಿರುಗುಪ್ಪದ ಜನ ಸಿಟ್ಟಾಗಿ ಟಾಕೀಸಿನ ಬೆಂಚುಗಳನ್ನು ಮುರಿದಿದ್ದರು. ಅಂದಿನಿಂದ ಮಾಲೀಕ ಹೆದರಿ, ಎಲ್ಲಿಂದಲೋ ಹಳೆಯ ಸಿನಿಮಾದ್ದೊಂದು ಮದುವೆಯ ರೀಲು ತಂದು ಇಟ್ಟುಕೊಂಡಿದ್ದ. ಹೂವು, ಬಾಸಿಂಗ, ಹೊಗೆಗಳಿಂದಾಗಿ ಅದರಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಹಾಗಾಗಿ ಯಾವ ಸಿನಿಮಾಕ್ಕಾದರೂ ಹೊಂದುತ್ತಿತ್ತು. ನೆಟ್ಟಗೆ ಮುಗಿಯದ ಸಿನಿಮಾಗಳಿಗೆಲ್ಲ ಅದನ್ನು ಹಿಂದೆ ಅಂಟಿಸಿ ಓಡಿಸುತ್ತಿದ್ದ. ಜನ ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಬೆಂಚುಗಳು ಉಳಿಯುತ್ತಿದ್ದವು. ಇದು ದಾದಾಪೀರನೊಬ್ಬನನ್ನು ಬಿಟ್ಟು ಊರಿನ ಕೂಸಿಗೂ ಗೊತ್ತಿದ್ದ ವಿಷಯ. ಹೆಂಗಸರು ಆ ಚಪ್ಪರದಲ್ಲಿ ಕೂತವರ ಸೀರೆ ನೋಡಲೆಂದೇ ಮತ್ತೆ ಮತ್ತೆ ಹೋಗುತ್ತಿದ್ದರು.

ದಾದಾಪೀರ್ ನಿಂತಲ್ಲೇ ನಿಂತಿದ್ದ. ಇಷ್ಟು ವರ್ಷ ಹೊಗಳಿದ ನಿರ್ದೇಶಕರೆಲ್ಲ ಒಂದೇ ಸಲಕ್ಕೆ ಸೇರಿ ತನ್ನ ಕೆನ್ನೆಗೆ ಹೊಡೆದಂತೆ ಅವನಿಗಾಯಿತು.

ಮೊದಲು ನಕ್ಕವರು ಮೇಷ್ಟ್ರು. ನಗು ತಡೆಯಲಾರದೆ ಕೂತುಬಿಟ್ಟರು. ಕಣ್ಣೊರೆಸಿಕೊಂಡು, ಅವರು ಒಂದು ಮಾತು ಒಪ್ಪಿಕೊಂಡರು: ಬೂದಿ ಹಿಡಿದ ಆ ಹೆಂಗಸು ಎಲ್ಲಿಗೆ ಹೋದಳೋ ಎಂಬ ಸಂಕಟ ತಮ್ಮನ್ನೂ ಇವತ್ತಿನ ತನಕ ಬಿಟ್ಟಿಲ್ಲ, ಪ್ರಬಂಧ ಬರೆದದ್ದೇ ಆ ಸಂಕಟ ತಡೆಯಲಾಗದೆ, ಕುರುಗೋಡಿಗೂ ಆ ರೀಲು ಬಂದಿದ್ದರೆ ತಾವೂ ನೆಮ್ಮದಿಯಿಂದ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದೆವು ಎಂದರು. ಹೊಸ್ತಿಲ ಮೇಲಿದ್ದ ನಾಸಿರ್ ಒಳಗೆ ಬಂದ. ದಾದಾಪೀರ್ ಬಾಯಿ ತೆಗೆಯುವಂತಿರಲಿಲ್ಲವಾದ್ದರಿಂದ ದಿನ ಗೊತ್ತುಮಾಡುವುದು ಎಲೆ ಮಡಿಸುವಷ್ಟು ಹೊತ್ತಿನಲ್ಲಿ ಮುಗಿಯಿತು. ಶಾಲೆಯ ರಜೆಯಲ್ಲೇ ನಿಕಾ ಎಂದಳು ಪರ್ವೀನ್. ಅದು ಪ್ಯಾಂಟುಗಳ ಆರ್ಡರು ಮೈಮೇಲೆ ಬರುವ ಕಾಲ. ದಾದಾಪೀರ್ ಕೈ ಎತ್ತಿದ. ಆಣೆ ಎಂದಳು ಪರ್ವೀನ್. ಅವನು ಕೈ ಇಳಿಸಿದ. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಗುಲ್ನಾಜ್ ನಕ್ಕಳು, ಆ ನಗು ನೋಡಿ ದಾದಾಪೀರನ ಸಿಟ್ಟೂ ಒಂದಿಷ್ಟು ಇಳಿಯಿತು.

ಇಲ್ಲಿಗೆ ಎಲ್ಲರೂ ಎದ್ದು 'ಊಟ ಹಾಕಿ' ಎನ್ನಬಹುದಿತ್ತು. ಆದರೆ ನಿದ್ದೆ ತಿಳಿದೆದ್ದ ಅಕ್ತರಬಿಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಆಕೆ ಬೀಗತಿಯ ಕಡೆ ತಿರುಗಿ, ಆ ರೀಲಿನಿಂದಲೇ ತಮ್ಮ ಮನೆಗೆ ಸೊಸೆ ಬಂದದ್ದು ಎಂದಳು. ದಾದಾಪೀರ್ ಮದುವೆಯೇ ಬೇಡವೆಂದು ಹಟ ಹಿಡಿದು ಕೂತಿದ್ದನಂತೆ. ಆ ಚಪ್ಪರ ನೋಡಿದರೆ ಎಂಥ ಗಂಡಸೂ ಮೆತ್ತಗಾಗುತ್ತಾನೆಂದು ತಾಯಿಯೂ ಅಕ್ಕನೂ ಸೇರಿ ಅವನನ್ನು 'ಆರಿದ ಒಲೆ'ಗೆ ಅಟ್ಟಿದ್ದರಂತೆ. ಅವನು ಅಳುತ್ತ ಮನೆಗೆ ಬಂದು, ಯಾರನ್ನಾದರೂ ನೋಡಿ, ಮಾಡಿಕೊಳ್ಳುತ್ತೇನೆ ಎಂದನಂತೆ. ಕುರುಗೋಡಿನ ಸಂಬಂಧ ಕೈಯಲ್ಲೇ ಇತ್ತು, ಮಾಡಿದೆವು ಎಂದು ಅಕ್ತರಬಿ ಕತೆ ಮುಗಿಸಿದಳು.

ಪರ್ವೀನ್ ಸಕ್ಕರೆಯ ತಟ್ಟೆ ಕೆಳಗಿಟ್ಟಳು. ತವರಿನ ಮಾಳಿಗೆಯ ಮೇಲೆ ತಾನು ಮೆಣಸಿನಕಾಯಿ ಒಣಗಿಸುತ್ತಿದ್ದುದನ್ನು ಗಂಡ ದೂರದಿಂದ ನೋಡಿ ಮೆಚ್ಚಿ ಒಪ್ಪಿದನೆಂದು ಆಕೆ ಇಷ್ಟು ವರ್ಷ ನಂಬಿದ್ದಳು. ನಂಬಿಸಿದವನು ದಾದಾಪೀರನೇ. ನಿಕಾ ದಿನದ ತನಕ ಅವನು ಕುರುಗೋಡಿನ ದಾರಿಯನ್ನೇ ಕಂಡವನಲ್ಲ ಎಂದು ಅಕ್ತರಬಿ ಎಲೆ ಜಗಿಯುತ್ತ ಸೇರಿಸಿದಳು.

"ಹಂಗಾರ ಯಾರಾದ್ರೂ ನಡೀತಿತ್ತು ನಿಮಗ," ಎಂದಳು ಪರ್ವೀನ್. ಧ್ವನಿ ಏರಲಿಲ್ಲ, ಅದೇ ಭಯದ ವಿಷಯ. "ಇದೊಂದಕ್ಕ ಬಾಯಿ ತೆಗೀರಿ, ಆಣಿ ಬಿಟ್ಟೀನಿ. ನನ್ನ ಮೊದಲ ಸಲ ನೋಡಿದಾಗ ನಿಮಗ ಏನನಿಸ್ತು?"

ಮೇಷ್ಟ್ರು ಬೀಗನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ನಾಸಿರ್ ಕೂಡ, ಇನ್ನೂ ಮದುವೆಯಾಗದವನಾದರೂ, ಕಣ್ಣಲ್ಲೇ ಬೇಡ ಎಂದ. ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ಆಕೆ ತನಗೆ ಬೇಕಾದ ಉತ್ತರವನ್ನು ತಾನೇ ಕಟ್ಟಿಕೊಂಡು, ಸಂಜೆಯೊಳಗೆ ಸಮಾಧಾನವಾಗುತ್ತಿದ್ದಳು. ಆದರೆ ಯಾವುದನ್ನೂ ಅರ್ಧಕ್ಕೆ ಬಿಡುವ ಮನುಷ್ಯ ದಾದಾಪೀರನಲ್ಲ. ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು, ಅದೂ ಸತ್ಯವಾದದ್ದನ್ನು, ಅದೂ ಆಕೆಗೆ ಸಂತೋಷವಾಗುವಂಥದ್ದನ್ನು ಎಂದು ಒಂದು ಗಳಿಗೆ ಯೋಚಿಸಿದ.

"ನಿನ್ನ ಮುಖಾ ಎಲ್ಲಿ ಕಾಣತಿತ್ತು? ಅವತ್ತು ಪೂರಾ ಹೂವಿನಾಗ ಮುಚ್ಚಿತ್ತು. ಥೇಟ್ ಆ ಸಿನಿಮಾದಾಕಿ ಇದ್ದಂಗ ಇದ್ದಿ. ಅದಕ್ಕ ನನಗ ಭಾಳ ಖುಷಿ ಆತು."

ಪರ್ವೀನ್ ಒಳಗೆ ಹೋದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡಿತು, ಒಳಗಿನಿಂದ ಚಿಲಕ ಬಿತ್ತು. ಬಿರಿಯಾನಿಯೂ ಒಳಗೇ ಉಳಿಯಿತು. ಬೀಗತಿ ಆ ಬಾಗಿಲನ್ನೇ ನೋಡುತ್ತ ಕೂತರು.

ಶಾಬುದ್ದೀನ್ ಮೇಷ್ಟ್ರು ಎದ್ದು ದಾದಾಪೀರನ ಹತ್ತಿರಕ್ಕೆ ಬಂದರು. "ಇದನ್ನ ಒಂದು ರೀಲು ಮೊದಲ ನಿಲ್ಲಿಸಬೇಕಿತ್ತು, ಬೀಗರೆ," ಎಂದರು.

ದಾದಾಪೀರ್ ಹಲ್ಲು ಕಡಿದ. ಅವತ್ತು ಅವನಿಗೆ ಟೀವಿಯ ಮೇಲೆ, ಅಕ್ಕನ ಮೇಲೆ, ಸತ್ತುಹೋದ ಟಾಕೀಸಿನ ಮಾಲೀಕನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಮೇಷ್ಟ್ರು ಹೇಳಿದ್ದು ಸರಿ ಎನ್ನಿಸಿದ್ದಕ್ಕೆ.